ಬಳಪದಲ್ಲಿ ಸುಣ್ಣದ ಅಂಶ ಇಲ್ಲ

ತ್ಯಾವಣಿಗೆ ಊರಿನ ನಮ್ಮ ಓಣಿಯ ಶಾಲೆಯಲ್ಲಿ ಈಗ ಸ್ಲೇಟಿನ ಮೇಲೆ ಬರೆಯುವ ಮಕ್ಕಳು ಒಟ್ಟು ಹದಿನಾಲ್ಕು. ಉಳಿದವರಿಗೆ ನೋಟ್‌ಬುಕ್ಕು ಇದೆ. ಆ ಹದಿನಾಲ್ಕರಲ್ಲಿ ಐದು ಮಕ್ಕಳ ಸ್ಲೇಟು ಒಡೆದಿದೆ. ಹೀಗಿದ್ದರೂ ಶಾಲೆಯ ಗೇಟಿನ ಎದುರಿಗಿರುವ ಭೀಮಕ್ಕನ ಅಂಗಡಿಯಲ್ಲಿ ತಿಂಗಳಿಗೆ ಎಂಟು ಡಬ್ಬಿ ಬಳಪ ಖರ್ಚಾಗುತ್ತಿತ್ತು. ಒಂದು ಡಬ್ಬಿಯಲ್ಲಿ ನೂರು ಬಳಪ ಇರುತ್ತವೆ. ಒಂಬತ್ತು ಮಕ್ಕಳು ತಿಂಗಳಿಗೆ ಎಂಟುನೂರು ಬಳಪ ಬರೆದು ಮುಗಿಸುವುದು ಸಾಧ್ಯವಿಲ್ಲ. ಗಂಡಸರು ಇದನ್ನು ಗಮನಿಸಿರಲಿಲ್ಲ. ಹೆಂಗಸರು ಗಮನಿಸಿದ್ದರು, ಆದರೆ ಮಾತಾಡುತ್ತಿರಲಿಲ್ಲ.

ಬಳಪವನ್ನು ಬಸುರಿಯರು ತಿನ್ನುತ್ತಿದ್ದರು.

ಭೀಮಕ್ಕನಿಗೆ ಅರವತ್ತೊಂದು ವರ್ಷ. ಆಧಾರ್ ಕಾರ್ಡಿನಲ್ಲಿ ಐವತ್ತೆಂಟು ಎಂದಿದೆ. ಅರವತ್ತೊಂದು ಎಂದು ಹೇಳಿದವರು ಅವರೇ ಆದ್ದರಿಂದ ಅದನ್ನೇ ಬರೆದಿದ್ದೇನೆ. ಮೂರನೇ ತರಗತಿಯವರೆಗೆ ಓದಿದ್ದಾರೆ. ಗಂಡ ಧರ್ಮಪ್ಪ ಬೆಳಿಗ್ಗೆ ನಾಲೆ ಕೆಳಗಿನ ಗದ್ದೆಗೆ ಹೋದರೆ ಸಂಜೆ ಬರುತ್ತಾರೆ, ಬಂದ ಮೇಲೂ ಹೆಚ್ಚು ಮಾತಾಡುವುದಿಲ್ಲ. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ. ಬೀದಿಗೆ ಒಂದು ಕಿಟಕಿ, ಕಿಟಕಿಯ ಮೇಲೆ ತೂಗುಬಿಟ್ಟ ಶಾಂಪೂ ಪೊಟ್ಟಣಗಳು, ಒಳಗೆ ಪುಟಾಣಿ, ಶೇಂಗಾ, ಮಂಡಕ್ಕಿ, ಬೆಂಕಿಪೊಟ್ಟಣ, ಮೊಳೆ, ಪೆನ್ನು.

ಊರಿನಲ್ಲಿ ಯಾರು ಬಸುರಿ ಎಂಬುದು ಆಸ್ಪತ್ರೆಯವರಿಗಿಂತ ಮೊದಲು ಭೀಮಕ್ಕನಿಗೆ ತಿಳಿಯುತ್ತಿತ್ತು. ಕೆಲವು ಸಲ ಗಂಡನಿಗಿಂತ ಮೊದಲು ತಿಳಿಯುತ್ತಿತ್ತು. ಹೆಂಗಸರು ಬಂದು, ಮಗುವಿಗೆ ಬರೆಯಲು ಬಳಪ ಬೇಕು ಎನ್ನುತ್ತಿದ್ದರು. ಮನೆಯಲ್ಲಿ ಮಗು ಇಲ್ಲದವರೂ ಹಾಗೆಯೇ ಹೇಳುತ್ತಿದ್ದರು. ಭೀಮಕ್ಕ ಯಾವ ಮಗು ಎಂದು ಕೇಳುತ್ತಿರಲಿಲ್ಲ. ಅವರು ಕೇಳುತ್ತಿದ್ದ ಪ್ರಶ್ನೆ ಒಂದೇ.

"ಗಟ್ಟಿದು ಕೊಡ್ಲಾ, ಮೆತ್ತಂದು ಕೊಡ್ಲಾ?"

ಬರೆಯುವವರು ಗಟ್ಟಿಯದನ್ನು ಕೇಳುತ್ತಾರೆ. ತಿನ್ನುವವರು ನೆಲ ನೋಡಿಕೊಂಡು ಮೆತ್ತಗಿನದು ಎನ್ನುತ್ತಾರೆ. ಮೆತ್ತಗಿನ ಬಳಪದ ಡಬ್ಬಿಯನ್ನು ಭೀಮಕ್ಕ ಹೊನ್ನಾಳಿಯಿಂದ ತರಿಸುತ್ತಿದ್ದರು. ಕೊಡುವ ಮೊದಲು ಒಂದೊಂದನ್ನೂ ಒಗೆದ ಬಟ್ಟೆಯಿಂದ ಒರೆಸುತ್ತಿದ್ದರು, ತಿನ್ನುವ ವಸ್ತುವಿಗೆ ಧೂಳು ಇರಬಾರದು ಎಂದು. ಯಾರು ತೆಗೆದುಕೊಂಡರು ಎಂಬುದನ್ನು ಯಾರಿಗೂ ಹೇಳುತ್ತಿರಲಿಲ್ಲ. ಅಂಗಡಿ ಇಟ್ಟ ಮೂವತ್ತೆರಡು ವರ್ಷದಲ್ಲಿ ಒಂದು ಹೆಸರೂ ಆ ಕಿಟಕಿಯಿಂದ ಆಚೆ ಹೋಗಿರಲಿಲ್ಲ.

ಭೀಮಕ್ಕ ಇದನ್ನು ತಪ್ಪು ಎಂದು ತಿಳಿದು ಮಾಡುತ್ತಿರಲಿಲ್ಲ. ಒಳ್ಳೆಯದು ಎಂದು ತಿಳಿದು ಮಾಡುತ್ತಿದ್ದರು. ಅದಕ್ಕೆ ಒಂದು ಕಾರಣವಿತ್ತು.

ಆರು ವರ್ಷದ ಹಿಂದೆ ಶಾಲೆಯ ಬಯಲಿನಲ್ಲಿ ಗರ್ಭಿಣಿಯರಿಗಾಗಿ ಒಂದು ಕಾರ್ಯಕ್ರಮ ನಡೆದಿತ್ತು. ಹೊರಗಿನಿಂದ ಒಬ್ಬ ಲೇಡಿ ಡಾಕ್ಟರು ಬಂದಿದ್ದರು. ಭೀಮಕ್ಕ ಕೊನೆಯ ಸಾಲಿನಲ್ಲಿ ಕುಳಿತಿದ್ದರು. ಹೊಟ್ಟೆಯಲ್ಲಿ ಕೂಸು ಇರುವಾಗ ಮೂರು ಮುಖ್ಯ ಎಂದು ಡಾಕ್ಟರು ಮೈಕಿನಲ್ಲಿ ಹೇಳಿದರು: ಕಬ್ಬಿಣದ ಅಂಶ, ಸುಣ್ಣದ ಅಂಶ, ಫೋಲಿಕ್ ಆಸಿಡ್. ಇಷ್ಟು ಹೇಳುವಾಗ ಕರೆಂಟು ಹೋಯಿತು. ಡಾಕ್ಟರು ಮೈಕು ಇಲ್ಲದೆ ಇನ್ನೂ ಅರ್ಧ ಗಂಟೆ ಮಾತಾಡಿದರು. ಅದು ಮೊದಲ ಎರಡು ಸಾಲಿಗೆ ಕೇಳಿಸಿತು.

ಭೀಮಕ್ಕ ಮನೆಗೆ ಬಂದು ಯೋಚಿಸಿದರು. ಕಬ್ಬಿಣದ ಅಂಶ ಆಸ್ಪತ್ರೆಯವರು ಕೊಡುವ ಕೆಂಪು ಮಾತ್ರೆಯಲ್ಲಿದೆ ಎಂದು ಅವರಿಗೆ ಗೊತ್ತಿತ್ತು. ಆಸಿಡ್ ಬಾಟಲಿ ಅಂಗಡಿಯಲ್ಲಿಯೇ ಇತ್ತು, ಪಾಯಿಖಾನೆ ತೊಳೆಯಲು ಮಾರುತ್ತಿದ್ದರು. ಅದನ್ನು ಬಸುರಿಗೆ ಹೇಗೆ ಕೊಡುವುದೆಂದು ತಿಳಿಯಲಿಲ್ಲ. ಡಾಕ್ಟರು ಬಾಯಿ ತಪ್ಪಿ ಹೇಳಿರಬೇಕು ಎಂದು ಅದನ್ನು ಬಿಟ್ಟರು. ಉಳಿದದ್ದು ಸುಣ್ಣದ ಅಂಶ. ಬಳಪ ಬೆಳ್ಳಗಿದೆ, ಒತ್ತಿದರೆ ಸುಣ್ಣದ ಹಾಗೆ ಪುಡಿಯಾಗುತ್ತದೆ. ಬಸುರಿಯರಿಗೆ ಅದನ್ನು ಕಂಡರೆ ಬಾಯಲ್ಲಿ ನೀರು ಬರುತ್ತದೆ. ಮೈಗೆ ಬೇಕಾದದ್ದನ್ನು ತಾನೇ ಮೈ ಕೇಳುವುದು? ಎಲ್ಲ ಸರಿಯಾಗಿ ಹೊಂದಿಕೊಂಡಿತು. ಅಂದಿನಿಂದ ಬಳಪ ಕೊಡುವಾಗ ಒಂದು ಮಾತು ಸೇರಿಸಿ ಹೇಳತೊಡಗಿದರು.

"ನಾಚ್ಕಬ್ಯಾಡ ಕಣವ್ವ. ಇದ್ರಾಗೆ ಸುಣ್ಣದ ಅಂಶ ಐತೆ. ಡಾಕ್ಟ್ರೇ ಹೇಳ್ಯಾರೆ."

ಪವಿತ್ರಳಿಗೂ ಹಾಗೆಯೇ ಹೇಳಿದರು.

ಪವಿತ್ರ ನ್ಯಾಮತಿ ತಾಲೂಕಿನ ಗೋವಿನಕೋವಿಯ ಹುಡುಗಿ. ಮೂರು ವರ್ಷದ ಹಿಂದೆ ಗೂಡ್ಸ್ ಆಟೋ ಓಡಿಸುವ ಕಲ್ಲೇಶನನ್ನು ಮದುವೆಯಾಗಿ ಬಂದಳು. ಮೊದಲ ಬಸುರು ಆರನೇ ತಿಂಗಳಿನಲ್ಲಿ ಉಳಿಯಲಿಲ್ಲ. ಈಗಿನದು ಎರಡನೆಯದು. ಈ ಸಲವಾದರೂ ಕೂಸು ಉಳಿಯಬೇಕು ಎಂಬುದು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದೆ ಎಲ್ಲರೂ ಯೋಚಿಸುತ್ತಿದ್ದ ವಿಷಯ. ಮೂರನೇ ತಿಂಗಳಿನಲ್ಲಿ ಅವಳು ಅಂಗಡಿಗೆ ಬಂದಳು.

"ಭೀಮಕ್ಕ, ಬಳಪ ಕೊಡ್ರಿ. ನಮ್ಮಕ್ಕನ ಮಗಳು ಬಂದಾಳೆ ಊರಿಂದ. ಬರೆಯಾಕೆ ಬೇಕಂತೆ."

"ಗಟ್ಟಿದಾ, ಮೆತ್ತಂದಾ?"

"ಮೆತ್ತಂದು."

ಅಕ್ಕನ ಮಗಳನ್ನು ಯಾರೂ ನೋಡಲಿಲ್ಲ. ಆದರೆ ಅವಳು ನಾಲ್ಕು ತಿಂಗಳು ಬರೆಯುತ್ತಲೇ ಇದ್ದಳು. ಮೊದಲು ದಿನಕ್ಕೆ ಮೂರು ಬಳಪ, ಆಮೇಲೆ ಆರು, ಆಮೇಲೆ ಹನ್ನೆರಡು.

ಒಂದು ದಿನ ಪವಿತ್ರ ಎರಡು ಬಗೆಯ ಮಾತ್ರೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ಆಸ್ಪತ್ರೆಯಲ್ಲಿ ಕೊಟ್ಟಿದ್ದವು. ಕೆಂಪಿನದು ನುಂಗಿದರೆ ಹೊಟ್ಟೆ ತೊಳೆಸುತ್ತದೆ ಎಂದಳು. ಬಿಳಿಯದು ಯಾತಕ್ಕೆ ಎಂದು ಕೇಳಿದಳು.

"ಅದು ಸುಣ್ಣದ್ದು," ಎಂದರು ಭೀಮಕ್ಕ. "ಅದು ಬ್ಯಾಡ ಬಿಡು. ನೀನು ಬಳಪ ತಿಂತೀಯಲ್ಲ, ಎರಡೂ ಒಂದೇ. ಸುಮ್ನೆ ಎರಡೆರಡು ಸಲ ಯಾಕೆ?"

ಪವಿತ್ರ ಬಿಳಿ ಮಾತ್ರೆ ಬಿಟ್ಟಳು. ಕೆಂಪಿನದನ್ನು ಟೀ ಜೊತೆ ನುಂಗಿ, ತೊಳೆಸಿದಾಗ ಬಳಪ ತಿನ್ನುತ್ತಿದ್ದಳು. ಬಳಪ ತಿಂದರೆ ಹೊಟ್ಟೆ ಸುಮ್ಮನಾಗುತ್ತಿತ್ತು.

ಅವಳು ಬೇರೆ ಏನು ತಿನ್ನುತ್ತಿದ್ದಳು ಎಂಬುದನ್ನೂ ಹೇಳಬೇಕು. ಅತ್ತೆ ಅಜ್ಜಮ್ಮ ಕೆಟ್ಟವರಲ್ಲ. ಸೊಸೆಗೆ ಭಾರ ಎತ್ತಲು ಬಿಡುತ್ತಿರಲಿಲ್ಲ, ಬಟ್ಟೆ ತಾವೇ ಒಗೆಯುತ್ತಿದ್ದರು. ಆದರೆ ಊಟದ ವಿಷಯದಲ್ಲಿ ಅವರದು ಒಂದು ತತ್ವವಿತ್ತು.

"ಹೊಟ್ಟೆ ಇರೋದು ಒಂದೇ. ಅದ್ರಾಗೆ ಅನ್ನ ತುಂಬಿದ್ರೆ ಕೂಸಿಗೆ ಜಾಗ ಎಲ್ಲೈತೆ? ಕೂಸಿಗೆ ಊಟ ಜಾಸ್ತಿ ಆಗಿ ದೊಡ್ಡದಾದ್ರೆ ಹೊರಗೆ ಬರೋದು ಹೆಂಗೆ?"

ಒಂದು ಹೊತ್ತಿಗೆ ಒಂದೂವರೆ ರೊಟ್ಟಿ. ಮೊಟ್ಟೆ, ಮೀನು ಉಷ್ಣ. ಬಾಳೆಹಣ್ಣು, ಮೊಸರು ಶೀತ. ಸೊಪ್ಪು, ಕಾಳು ವಾಯು. ಇಷ್ಟನ್ನು ಕಳೆದ ಮೇಲೆ ಉಳಿಯುವುದು ಟೀ. ಅದಕ್ಕೆ ಮಿತಿ ಇರಲಿಲ್ಲ. ಅಂಗನವಾಡಿಯಲ್ಲಿ ಬಸುರಿಯರಿಗೆ ಮಧ್ಯಾಹ್ನ ಬಿಸಿಯೂಟ, ಮೊಟ್ಟೆ, ಶೇಂಗಾ ಚಿಕ್ಕಿ ಕೊಡುತ್ತಾರೆ. ಆಶಾ ಕಾರ್ಯಕರ್ತೆ ಅರುಣಾ ಮೂರು ಸಲ ಬಂದು ಕರೆದರು. ಅಜ್ಜಮ್ಮ ಬಾಗಿಲಲ್ಲಿ ನಿಂತೇ ಉತ್ತರ ಕೊಟ್ಟರು.

"ನಮ್ಮನೆಯಾಗೆ ಒಲೆ ಹತ್ತೋದಿಲ್ಲ ಅಂತ ಊರಿಗೆ ಗೊತ್ತಾಗ್ಲಿ ಅಂತೇನ್ರಿ?"

ಐದನೇ ತಿಂಗಳಿನಲ್ಲಿ ಪವಿತ್ರಳ ರಕ್ತ ಎಂಟು ಪಾಯಿಂಟು ನಾಲ್ಕು ಇತ್ತು. ನಮ್ಮ ಕಡೆ ರಕ್ತವನ್ನು ಪಾಯಿಂಟಿನಲ್ಲಿ ಹೇಳುತ್ತಾರೆ, ಹನ್ನೊಂದಕ್ಕಿಂತ ಮೇಲೆ ಇರಬೇಕು. ಆರು ತುಂಬುವಾಗ ಅದು ಏಳು ಪಾಯಿಂಟು ಒಂದಕ್ಕೆ ಇಳಿಯಿತು. ಚನ್ನಗಿರಿಯ ಆಸ್ಪತ್ರೆಯ ಡಾಕ್ಟರು ತಾಯಿ ಕಾರ್ಡನ್ನು ಎರಡು ಸಲ ನೋಡಿ, ಪವಿತ್ರಳ ಕಣ್ಣಿನ ರೆಪ್ಪೆ ಎಳೆದು ನೋಡಿದರು.

"ಏನಮ್ಮ, ಮಣ್ಣು, ಬಳಪ, ಹಸಿ ಅಕ್ಕಿ, ಇಂಥದ್ದು ಏನಾದ್ರೂ ತಿಂತೀಯಾ?"

ಪವಿತ್ರಳ ಪಕ್ಕದಲ್ಲಿ ಅಜ್ಜಮ್ಮ ನಿಂತಿದ್ದರು.

"ಇಲ್ಲ ಸರ್," ಎಂದಳು.

"ಅಯ್ಯೋ, ನಮ್ಮನೆಯಾಗೆ ಅಂಥದ್ದೆಲ್ಲ ಇಲ್ರಿ," ಎಂದರು ಅಜ್ಜಮ್ಮ.

ಕೈಗೆ ಡ್ರಿಪ್ ಹಾಕಿ ಕಬ್ಬಿಣದ ಇಂಜೆಕ್ಷನ್ ಕೊಡಬೇಕು, ಐದು ಸಲ ಬರಬೇಕು ಎಂದು ಡಾಕ್ಟರು ಬರೆದರು. ತಿಂಗಳೊಳಗೆ ಏರದಿದ್ದರೆ ದಾವಣಗೆರೆಗೆ ಕಳಿಸಿ ರಕ್ತ ಹಾಕಿಸುವುದು. ಹೀಗೇ ಇದ್ದರೆ ತಾಯಿಗೂ ಕಷ್ಟ, ಕೂಸಿಗೂ ಕಷ್ಟ. ಇದನ್ನು ಭೀಮಕ್ಕನಿಗೆ ಹೇಳಿದವನು ಕಲ್ಲೇಶ. ಸಂಜೆ ತೆಂಗಿನಕಾಯಿ ಕೊಳ್ಳಲು ಬಂದಿದ್ದ.

"ಏಳು ಪಾಯಿಂಟಂತೆ ಭೀಮಕ್ಕ. ಹೋದ್ಸಲಾನೂ ಇದೇ ತಿಂಗಳು." ಅಷ್ಟೇ ಹೇಳಿ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದ. ನೀರು ಇತ್ತು. ಆದರೂ ಮತ್ತೆ ಮತ್ತೆ ಅಲ್ಲಾಡಿಸಿದ.

ಮರುದಿನ ಅರುಣಾ ಅಂಗಡಿಗೆ ಬಂದರು. ಅರುಣಾ ಜಗಳೂರು ಕಡೆಯವರು, ಇಲ್ಲಿಗೆ ಬಂದು ಹನ್ನೊಂದು ವರ್ಷ. ಕಿಟಕಿಯ ಹತ್ತಿರ ನಿಲ್ಲದೆ ಒಳಗೇ ಬಂದು ಮಂಡಕ್ಕಿ ಚೀಲದ ಪಕ್ಕ ಕುಳಿತರು.

"ಭೀಮಕ್ಕ, ನಿಮ್ಮತ್ರ ಬಳಪ ಯಾರ್ಯಾರು ತಗಂತಾರೆ?"

"ಮಕ್ಕಳು."

"ಬಸುರೇರು?"

"ನಮ್ಮಂಗಡಿಯಾಗೆ ಹೆಸರು ಹೇಳೋ ಪದ್ಧತಿ ಇಲ್ಲ ಕಣವ್ವ. ತಿಂದ್ರೆ ತಾನೆ ಏನಾತು? ಅದ್ರಾಗೆ ಸುಣ್ಣದ ಅಂಶ ಐತೆ."

ಅರುಣಾ, ನಗಬಾರದು ಎಂದು ಮೊದಲೇ ತೀರ್ಮಾನ ಮಾಡಿಕೊಂಡವರ ಹಾಗೆ ಹೇಳಿದರು.

"ಅದು ಕಲ್ಲು ಭೀಮಕ್ಕ. ಕಲ್ಲನ್ನ ಕೊಯ್ದು ಮಾಡ್ತಾರೆ. ಸುಣ್ಣದ ಅಂಶ ಅಂದ್ರೆ ಹಾಲು, ಮೊಸರು, ರಾಗಿ, ಆ ಬಿಳಿ ಮಾತ್ರೆ. ರಕ್ತ ಕಮ್ಮಿ ಆದೋರಿಗೆ ಮಣ್ಣು, ಬಳಪ ತಿನ್ನಂಗೆ ಆಗ್ತೈತೆ. ತಿಂದ್ರೆ ಹೊಟ್ಟೆ ತುಂಬಿದಂಗೆ ಆಗಿ ಊಟ ಸೇರಲ್ಲ. ನುಂಗಿದ ಮಾತ್ರೆನೂ ಮೈಗೆ ಹತ್ತಲ್ಲ. ರಕ್ತ ಇನ್ನೂ ಕಮ್ಮಿ ಆಗ್ತೈತೆ. ಆಗ ಇನ್ನೂ ಬಳಪ ಬೇಕು ಅನ್ಸತೈತೆ."

"ಡಾಕ್ಟ್ರೇ ಹೇಳಿದ್ದು. ಮೈಕಿನಾಗೆ."

"ಬಳಪ ಅಂದ್ರಾ?"

ಭೀಮಕ್ಕ ಒಂದು ಪಾವು ಪುಟಾಣಿ ಅಳೆದು, ಯಾರೂ ಕೇಳದಿದ್ದರೂ ಪೊಟ್ಟಣ ಕಟ್ಟಿದರು.

ಅರುಣಾ ಹೋದ ಮೇಲೆ ಅವರು ತಮಗೆ ಗೊತ್ತಿದ್ದ ರೀತಿಯಲ್ಲಿ ಪರೀಕ್ಷೆ ಮಾಡಿದರು. ಎರಡು ಬಳಪ ಕುಟ್ಟಿ ಪುಡಿ ಮಾಡಿ, ನೀರು ಹಾಕಿ ಕಲಸಿದರು. ಒಂದು ಎಲೆಗೆ ಸುಣ್ಣದ ಬದಲು ಅದನ್ನು ಸವರಿ, ಅಡಿಕೆ ಇಟ್ಟು ಬಾಯಿಗೆ ಹಾಕಿಕೊಂಡರು. ಎಲೆ ಅಡಿಕೆಗೆ ಸುಣ್ಣ ಸೇರಿದರೆ ಬಾಯಿ ಕೆಂಪಾಗುತ್ತದೆ. ಇದು ಡಾಕ್ಟರು ಹೇಳಬೇಕಾದ ವಿಷಯವಲ್ಲ. ಭೀಮಕ್ಕ ಚೆನ್ನಾಗಿ ಅಗಿದು, ಗೋಡೆಗೆ ತೂಗುಹಾಕಿದ್ದ ಕನ್ನಡಿಯ ಮುಂದೆ ನಿಂತು ನಾಲಿಗೆ ಚಾಚಿದರು. ನಾಲಿಗೆ ಹಸಿರಾಗಿತ್ತು. ಇನ್ನೊಂದು ಎಲೆ ಮಾಡಿಕೊಂಡು ಮತ್ತೆ ನೋಡಿದರು. ಈ ಸಲವೂ ಹಸಿರು. ಗದ್ದೆಯಿಂದ ಬಂದ ಧರ್ಮಪ್ಪ, ಹೆಂಡತಿ ಕನ್ನಡಿಗೆ ನಾಲಿಗೆ ತೋರಿಸುತ್ತಿರುವುದನ್ನು ಕಂಡು ಏನೂ ಕೇಳದೆ ಕೈಕಾಲು ತೊಳೆಯಲು ಹೋದರು.

ಪವಿತ್ರ ಮೊದಲ ಬಸುರಿನಲ್ಲೂ ಬಳಪ ತೆಗೆದುಕೊಂಡು ಹೋಗುತ್ತಿದ್ದಳು. ಭೀಮಕ್ಕನಿಗೆ ಅದು ಆಗ ನೆನಪಾಯಿತು. ಆಗಲೂ ಸುಣ್ಣದ ಅಂಶ ಎಂದು ಹೇಳಿದ್ದರು. ಮುಂದೆ ಒಂದು ದಿನ ಅರುಣಾರನ್ನು ಈ ವಿಷಯ ಕೇಳಿದರಂತೆ, ಆ ಬಸುರು ಹೋದದ್ದು ಬಳಪದಿಂದಲೇ ಏನು ಎಂದು. ಅದರಿಂದಲೇ ಎಂದು ಹೇಳಲಿಕ್ಕೆ ಬರುವುದಿಲ್ಲ ಎಂದರಂತೆ ಅರುಣಾ. ಅಲ್ಲ ಎಂದು ಅವರು ಹೇಳಲಿಲ್ಲ ಎಂಬುದನ್ನು ಭೀಮಕ್ಕ ಗಮನಿಸಿದರು.

ಕನ್ನಡಿ ನೋಡಿದ ಮಾರನೆಯ ದಿನವೇ ಅವರು ಅರುಣಾರಿಗೆ ಹೇಳಿ ಕಳಿಸಿದರು.

"ನಾನು ಯಾರ ಹೆಸರೂ ಹೇಳಲ್ಲ. ನೀನು ನಾಲ್ಕು ಗಂಟೆಗೆ ಬಂದು ಇಲ್ಲಿ ಕೂತ್ಕ. ಕೂರಬ್ಯಾಡ ಅಂತ ನಾನು ಹೇಳಾಕೆ ಬರಲ್ಲ."

ಅರುಣಾ ನಾಲ್ಕರಿಂದ ಆರರವರೆಗೆ ಕುಳಿತರು. ಏಳು ಜನ ಹೆಂಗಸರು ಕಿಟಕಿಯವರೆಗೆ ಬಂದು, ಅರುಣಾರನ್ನು ಕಂಡು ಒಂದು ಕ್ಷಣ ನಿಂತು, ಬೆಂಕಿಪೊಟ್ಟಣ ಕೇಳಿದರು. ಅವರಲ್ಲಿ ಐದು ಜನರ ಮನೆಯಲ್ಲಿ ಗ್ಯಾಸ್ ಲೈಟರ್ ಇದೆ. ಅರುಣಾ ಯಾರನ್ನೂ ಏನೂ ಕೇಳದೆ, ಬೆಂಕಿಪೊಟ್ಟಣ ತೆಗೆದುಕೊಂಡವರ ಹೆಸರನ್ನು ಮನಸ್ಸಿನಲ್ಲಿಟ್ಟುಕೊಂಡರು. ನಾಲ್ಕನೆಯವಳು ಪವಿತ್ರ.

ಅದರ ಮರುದಿನ ಪವಿತ್ರ ಮಧ್ಯಾಹ್ನವೇ ಬಂದಳು. ಸುತ್ತ ನೋಡಿ, ಅರುಣಾ ಇಲ್ಲ ಎಂದು ಖಚಿತ ಮಾಡಿಕೊಂಡಳು.

"ಬಳಪ ಕೊಡ್ರಿ ಭೀಮಕ್ಕ."

"ಖಾಲಿ ಆಗ್ಯಾವೆ."

"ಅಕಾ, ಅಲ್ಲಿ ಡಬ್ಬಿ ಕಾಣ್ತೈತಲ್ರಿ."

"ಅದು ಬರೆಯೋರಿಗೆ."

"ನಾನೂ ಬರೆಯಾಕೇ ಕೇಳ್ತಿರೋದು."

ಭೀಮಕ್ಕ ಮಾರಲು ಇಟ್ಟಿದ್ದ ಒಂದು ಸ್ಲೇಟನ್ನು ತೆಗೆದು, ಒಂದು ಬಳಪದ ಜೊತೆ ಕಿಟಕಿಯ ಹಲಗೆಯ ಮೇಲೆ ಇಟ್ಟರು.

"ಹಂಗಾರೆ ಇಲ್ಲೇ ಬರಿ. ನೋಡ್ತೀನಿ."

ಪವಿತ್ರ ಸ್ಲೇಟು ತೆಗೆದುಕೊಂಡಳು. ದುಂಡಗಿನ ಅಕ್ಷರದಲ್ಲಿ ತನ್ನ ಹೆಸರು ಬರೆದಳು. ಕೆಳಗೆ ಗಂಡನ ಹೆಸರು, ಅದರ ಕೆಳಗೆ ತ್ಯಾವಣಿಗೆ, ಚನ್ನಗಿರಿ ತಾಲೂಕು ಎಂದು ಬರೆದಳು. ಅಷ್ಟರಲ್ಲಿ ಬರೆಯಲು ಇದ್ದದ್ದು ಮುಗಿಯಿತು. ಬಳಪ ಇನ್ನೂ ಮುಕ್ಕಾಲು ಉಳಿದಿತ್ತು. ಅದನ್ನು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದಿದ್ದು, ಬಾಯಿಗೆ ಹಾಕಿಕೊಂಡು ಕಟ್ ಎಂದು ಕಡಿದಳು. ಕಣ್ಣಲ್ಲಿ ನೀರು ಬಂತು. ಅಗಿಯುವುದನ್ನು ಮಾತ್ರ ನಿಲ್ಲಿಸಲಿಲ್ಲ.

"ಬಿಡಾಕೆ ಆಗ್ತಾ ಇಲ್ಲ ಭೀಮಕ್ಕ."

"ನಾನು ಹೇಳಿದ್ದು ತಪ್ಪು ಕಣವ್ವ. ಇದ್ರಾಗೆ ಏನೂ ಇಲ್ಲ. ಕಲ್ಲು."

"ನೀವೇ ಹೇಳಿದ್ರಲ್ಲ, ಡಾಕ್ಟ್ರು ಹೇಳ್ಯಾರೆ ಅಂತ?"

"ಅರ್ಧ ಕೇಳಿದ್ದೆ."

ಅವತ್ತಿನಿಂದ ಭೀಮಕ್ಕ ಮೆತ್ತಗಿನ ಬಳಪ ಮಾರುವುದನ್ನು ನಿಲ್ಲಿಸಿದರು. ಇದರಿಂದ ಎಲ್ಲವೂ ಸರಿಹೋಗಬೇಕಿತ್ತು. ಸರಿಹೋಗಲಿಲ್ಲ. ಎಂಟು ದಿನದ ಮೇಲೆ ಪವಿತ್ರ ಶೇಂಗಾ ಕೊಳ್ಳಲು ಬಂದಾಗ ಅವಳ ಬೆರಳ ತುದಿ ಕೆಂಪಗಿತ್ತು. ಬಚ್ಚಲುಮನೆಯ ಇಟ್ಟಿಗೆ ಗೋಡೆಯನ್ನು ಕೆರೆದು ತಿನ್ನುತ್ತಿದ್ದಳು. ಡಾಕ್ಟರು ಕೊಟ್ಟ ತಿಂಗಳಿನಲ್ಲಿ ಹನ್ನೆರಡು ದಿನ ಕಳೆದಿತ್ತು. ಡ್ರಿಪ್ ಎರಡು ಸಲ ಆಗಿತ್ತು. ಆದರೆ ಮನೆಯಲ್ಲಿ ಒಂದೂವರೆ ರೊಟ್ಟಿ ಒಂದೂವರೆಯಾಗಿಯೇ ಇತ್ತು. ಬಳಪ ಬಿಡಿಸಿದರೆ ಸಾಲದು, ಬಳಪದ ಜಾಗಕ್ಕೆ ಊಟ ಬರಬೇಕು, ಊಟ ಅಜ್ಜಮ್ಮನ ಕೈಯಲ್ಲಿದೆ ಎಂದು ಭೀಮಕ್ಕನಿಗೆ ಅರ್ಥವಾಯಿತು.

"ನಾಳೆ ನಿಮ್ಮತ್ತೆಗೆ ಹೇಳ್ತೀನಿ," ಎಂದರು.

"ಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ."

"ಬ್ಯಾಡ ಅಂದ್ರೂ ಹೇಳ್ತೀನಿ. ತಪ್ಪೆಲ್ಲ ನನ್ನ ಮ್ಯಾಲೆ ಹಾಕು. ಹಾಕೋದೇನು ಬಂತು, ನಂದೇ."

ಅಜ್ಜಮ್ಮ ಮತ್ತು ಭೀಮಕ್ಕ ಸೂಳೆಕೆರೆ ಏರಿಯ ಪಕ್ಕದ ಒಂದೇ ಊರಿನವರು. ಒಂದೇ ವರ್ಷ ಮದುವೆಯಾಗಿ ತ್ಯಾವಣಿಗೆಗೆ ಬಂದವರು. ಮಧ್ಯಾಹ್ನ ಅಜ್ಜಮ್ಮನ ಮನೆ ಕಟ್ಟೆಯ ಮೇಲೆ ಕುಳಿತು ಇಬ್ಬರೂ ಎಲೆ ಅಡಿಕೆ ಹಾಕುವುದು ಅಂದಿನಿಂದ ನಡೆದು ಬಂದಿದೆ. ಎಲೆ ಮಡಿಸುವವರು ಯಾವಾಗಲೂ ಭೀಮಕ್ಕ. ಅವತ್ತೂ ಮಡಿಸಿ ಕೊಟ್ಟರು. ಅಜ್ಜಮ್ಮ ಅಗಿಯುತ್ತಾ ಕಲ್ಲೇಶನ ಆಟೋದ ಟೈರಿನ ವಿಷಯ ಹೇಳುತ್ತಿದ್ದವರು ನಡುವೆ ನಿಲ್ಲಿಸಿ, ಕಟ್ಟೆಯಿಂದ ಬಾಗಿ ಉಗಿದು, ಉಗಿದದ್ದನ್ನೇ ನೋಡಿದರು.

"ಏನೇ ಇದು, ಕೆಂಪೇ ಆಗಿಲ್ಲ? ಸುಣ್ಣ ಹಾಕಿಲ್ಲೇನೆ?"

"ಹಾಕೀನಿ."

"ಏನು ಹಾಕೀಯ? ಹಸಿ ಸೊಪ್ಪು ಮೆದ್ದಂಗೈತೆ. ವಯಸ್ಸಾತು ನಿನಗೆ."

"ನಿನ್ನ ಸೊಸೆಗೆ ನಾಲ್ಕು ತಿಂಗಳಿಂದ ಯಾವ ಸುಣ್ಣ ಕೊಟ್ಟೀನೋ ಅದನ್ನೇ ನಿನಗೂ ಹಾಕೀನಿ. ಬಳಪ ಕುಟ್ಟಿದ್ದು."

ಅಜ್ಜಮ್ಮ ಅಗಿಯುವುದನ್ನು ನಿಲ್ಲಿಸಿದರು. ಭೀಮಕ್ಕ ಮೊದಲಿನಿಂದ ಹೇಳಿದರು. ಮೈಕು, ಕರೆಂಟು ಹೋದದ್ದು, ಬಿಳಿ ಮಾತ್ರೆ ಬಿಡು ಎಂದದ್ದು, ಬಚ್ಚಲ ಗೋಡೆ. ಒಂದನ್ನೂ ಬಿಡಲಿಲ್ಲ. ಒಳಗೆ ಪಾತ್ರೆ ತೊಳೆಯುತ್ತಿದ್ದ ಸದ್ದು ನಿಂತುಹೋಗಿತ್ತು.

"ನಲವತ್ತು ವರ್ಷ ನನ್ನ ಪಕ್ಕದಾಗೆ ಕೂತು ಎಲೆ ತಿಂದೀಯಲ್ಲೇ," ಎಂದರು ಅಜ್ಜಮ್ಮ. "ನನ್ನ ಮನೆ ಸೊಸೆಗೆ ಕಲ್ಲು ತಿನ್ಸಿದ್ಯಲ್ಲೇ."

"ತಿನ್ಸಿದೆ. ಇನ್ನೊಂದು ಹೇಳಾದೈತೆ. ಅದನ್ನೂ ಹೇಳಿ ಹೋಗ್ತೀನಿ. ನಿನ್ನ ತಂಗಿ ದುರುಗಮ್ಮ."

ದುರುಗಮ್ಮ ಅಜ್ಜಮ್ಮನ ತಂಗಿ. ನಲವತ್ತು ವರ್ಷದ ಹಿಂದೆ ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡರು. ಕೂಸು ದೊಡ್ಡದಾಗಿತ್ತು, ಅದಕ್ಕೇ ಹೀಗಾಯಿತು ಎಂದು ಅಂದು ಹಿರಿಯರು ಹೇಳಿದ್ದರು. ಅಜ್ಜಮ್ಮನ ಒಂದೂವರೆ ರೊಟ್ಟಿಯ ಲೆಕ್ಕ ಅಲ್ಲಿಂದ ಬಂದದ್ದು.

"ದುರುಗಿ ಕೆರೆ ಏರಿ ಮಣ್ಣು ತಿಂತಿದ್ಲು," ಎಂದರು ಭೀಮಕ್ಕ. "ನಾನು ನೋಡೀನಿ. ಮಡಿಲಾಗೆ ಕಟ್ಕಂಡು ಬರೋಳು. ಮುಖ ಹೆಂಗಿತ್ತು ನೆನಪು ಮಾಡ್ಕ. ಬಿಳಿಚಿಕಂಡು ಹಿಟ್ಟಿನಂಗೆ ಇತ್ತು. ಕೂಸು ದೊಡ್ಡದಿತ್ತು ಅಂದ್ರಲ್ಲ, ಆ ಕೂಸನ್ನ ನಾನು ಎತ್ಕಂಡಿದ್ದೆ ಅಜ್ಜಮ್ಮ. ಅಂಗೈಯಾಗೆ ಹಿಡಿಯೋ ಹಂಗಿತ್ತು. ಅವಳಿಗೆ ಮೈಯಾಗೆ ರಕ್ತ ಇರಲಿಲ್ಲ. ಹೆರಿಗೆಯಾಗೆ ಹರಿದಿದ್ದು ತಡ್ಕಳಾಕೆ ಆಗಲಿಲ್ಲ. ಅರುಣಾನ್ನ ಕೇಳು, ಹೇಳ್ತಾಳೆ."

ಅಜ್ಜಮ್ಮ ಬಾಯಲ್ಲಿದ್ದ ಎಲೆಯನ್ನು ಉಗಿದು, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಭೀಮಕ್ಕ ಎಲೆ ಅಡಿಕೆ ಚೀಲ ಸುತ್ತಿಕೊಂಡು ಮನೆಗೆ ನಡೆದರು. ಅಂದಿನಿಂದ ಅಜ್ಜಮ್ಮ ಅವರೊಂದಿಗೆ ಮಾತು ಬಿಟ್ಟರು.

ಮಾತು ಬಿಟ್ಟರೇ ಹೊರತು ಕೇಳಿದ್ದನ್ನು ಬಿಡಲಿಲ್ಲ. ಮರುದಿನ ಅರುಣಾರನ್ನು ಕರೆಸಿ ಒಂದು ಗಂಟೆ ಪ್ರಶ್ನೆ ಕೇಳಿದರು. ರಕ್ತ ಇಲ್ಲದ ತಾಯಿಯ ಕೂಸು ದೊಡ್ಡದಾಗುವುದಿಲ್ಲ, ಸಣ್ಣದಾಗುತ್ತದೆ ಎಂಬುದನ್ನು ನಾಲ್ಕು ಸಲ ಹೇಳಿಸಿಕೊಂಡರು. ಕೂಸು ಇರುವುದು ಅನ್ನ ಹೋಗುವ ಚೀಲದಲ್ಲಿ ಅಲ್ಲ, ಬೇರೆ ಚೀಲದಲ್ಲಿ ಎಂದು ಅರುಣಾ ಹೇಳಿದಾಗ, "ಇದನ್ನ ಮೊದಲೇ ಹೇಳಾಕೆ ಏನಾಗಿತ್ತು ನಿಮಗೆ?" ಎಂದರು.

ಆಮೇಲೆ ಅಂಗನವಾಡಿ. ಹನ್ನೆರಡೂವರೆಗೆ ಸೊಸೆಯನ್ನು ಮುಂದೆ ಬಿಟ್ಟುಕೊಂಡು ತಾವೇ ಹೋಗುತ್ತಿದ್ದರು. ದಾರಿಯಲ್ಲಿ ಯಾರಾದರೂ ಕೇಳಿದರೆ, ಸರ್ಕಾರದವರು ಊಟ ಸರಿಯಾಗಿ ಕೊಡುತ್ತಾರೋ ಇಲ್ಲವೋ ನೋಡಲು ಹೊರಟಿದ್ದೇನೆ ಎನ್ನುತ್ತಿದ್ದರು. ಪವಿತ್ರ ಊಟ ಮಾಡುವಾಗ ಎದುರಿಗೆ ನಿಂತು, ಮೊಟ್ಟೆ ಮುಗಿಯುವವರೆಗೆ ಕದಲುತ್ತಿರಲಿಲ್ಲ. ಮನೆಯಲ್ಲಿ ನುಗ್ಗೆಸೊಪ್ಪು, ಹೆಸರುಕಾಳು, ರಾಗಿ ಅಂಬಲಿ ಬಂದವು. ಸೋಮವಾರ ಸೂಳೆಕೆರೆಯಿಂದ ಮೀನು ಬಂತು. ಕೆಂಪು ಮಾತ್ರೆಗೆ ಟೀ ಹೋಗಿ ನಿಂಬೆಹಣ್ಣಿನ ನೀರು ಬಂತು. ಟೀ ಜೊತೆ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ, ಹುಳಿ ಜೊತೆ ಹತ್ತುತ್ತದೆ. ಬಿಳಿ ಮಾತ್ರೆ ಊಟದ ಜೊತೆ, ಕೆಂಪಿನದು ಎರಡು ಗಂಟೆ ಬಿಟ್ಟು. ಎರಡನ್ನೂ ಒಟ್ಟಿಗೆ ನುಂಗಿದರೆ ಒಂದನ್ನೊಂದು ತಡೆಯುತ್ತವೆ. ಆ ಎರಡು ಗಂಟೆಯನ್ನು ಅಜ್ಜಮ್ಮ ಟಿ.ವಿ. ಧಾರಾವಾಹಿಗಳಿಂದ ಅಳೆಯುತ್ತಿದ್ದರು. ನಾಲ್ಕು ಧಾರಾವಾಹಿ ಮುಗಿದರೆ ಮಾತ್ರೆ.

ಗೋಡೆ ಕೆರೆಯುವುದು ಒಂದೇ ಸಲಕ್ಕೆ ನಿಲ್ಲಲಿಲ್ಲ. ದಿನ ಬಿಟ್ಟು ದಿನವಾಯಿತು, ವಾರಕ್ಕೊಮ್ಮೆಯಾಯಿತು. ಬಾಯಿ ತಡೆಯದಾದಾಗ ಅಗಿಯಲೆಂದು ಭೀಮಕ್ಕ ಪ್ರತಿದಿನ ಬೆಲ್ಲ, ಶೇಂಗಾ ಉಂಡೆ ಮಾಡಿ ಕಳಿಸುತ್ತಿದ್ದರು. ಕಲ್ಲೇಶ ಅದನ್ನು ಅಂಗಡಿಯಿಂದ ಒಯ್ಯುತ್ತಿದ್ದ.

"ಅವ್ವ ತಗಂತಾಳೇನಪ್ಪ?" ಎಂದು ಭೀಮಕ್ಕ ಕೇಳಿದರು.

"ಬಳಪದೋಳು ಕಳಿಸ್ಯಾಳಾ ಅಂತ ಕೇಳ್ತಾಳೆ. ಹೂಂ ಅಂದ್ರೆ ಒಂದು ಮುರಿದು ತಾನು ತಿಂದು ನೋಡ್ತಾಳೆ. ಹತ್ತು ನಿಮಿಷ ಕಾಯ್ತಾಳೆ. ಆಮ್ಯಾಗೆ ಇವಳಿಗೆ ಕೊಡ್ತಾಳೆ."

ತಿಂಗಳು ತುಂಬಿದಾಗ ರಕ್ತ ಎಂಟು ಪಾಯಿಂಟು ಮೂರು. ದಾವಣಗೆರೆಗೆ ಹೋಗುವುದು ತಪ್ಪಿತು. ಅದರ ಮುಂದಿನ ತಿಂಗಳು ಒಂಬತ್ತು ಪಾಯಿಂಟು ಆರು. ಬೆಂಕಿಪೊಟ್ಟಣ ಕೊಂಡಿದ್ದ ಉಳಿದ ಆರು ಜನರ ಮನೆಗೂ ಅರುಣಾ ಹೋಗಿ ಬಂದರು. ಅವರಲ್ಲಿ ಒಬ್ಬರಿಗೆ ಮಾತ್ರ ನಿಜವಾಗಿಯೂ ಬೆಂಕಿಪೊಟ್ಟಣ ಬೇಕಿತ್ತು.

ಪವಿತ್ರಳಿಗೆ ನೋವು ಬಂದದ್ದು ಒಂದು ಗುರುವಾರ ಸಂಜೆ. ಕಲ್ಲೇಶ ಕಾರು ಗೊತ್ತು ಮಾಡಿ, ಅಜ್ಜಮ್ಮ ಮತ್ತು ಅರುಣಾರನ್ನೂ ಕೂರಿಸಿಕೊಂಡು ಚನ್ನಗಿರಿಗೆ ಕರೆದುಕೊಂಡು ಹೋದ. ಭೀಮಕ್ಕನನ್ನು ಯಾರೂ ಕರೆಯಲಿಲ್ಲ. ಅವರು ಅಂಗಡಿ ಮುಚ್ಚಿ ಬಸ್ಸಿನಲ್ಲಿ ಹೋದರು. ಹೆರಿಗೆ ವಾರ್ಡಿನ ಹೊರಗೆ ಉದ್ದನೆಯ ಬೆಂಚಿತ್ತು. ಆ ತುದಿಯಲ್ಲಿ ಅಜ್ಜಮ್ಮ, ಈ ತುದಿಯಲ್ಲಿ ಭೀಮಕ್ಕ. ನಡುವೆ ಕುಳಿತ ಕಲ್ಲೇಶ ಯಾರ ಕಡೆ ತಿರುಗಬೇಕೆಂದು ತಿಳಿಯದೆ ನೇರವಾಗಿ ಎದುರಿನ ಗೋಡೆ ನೋಡುತ್ತಿದ್ದ. ನೋವು ಶುರುವಾದಾಗಿನಿಂದ ಅಜ್ಜಮ್ಮ ಏನೂ ತಿಂದಿರಲಿಲ್ಲ. ಭೀಮಕ್ಕನೂ ತಿಂದಿರಲಿಲ್ಲ. ಒಬ್ಬರದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಅರುಣಾ ಹೊರಗೆ ಬಂದರು.

"ಹೆಣ್ಣು. ಎರಡು ಕೆ.ಜಿ. ಏಳುನೂರು ಗ್ರಾಂ."

ಅಜ್ಜಮ್ಮ ಎದ್ದು ನಿಂತರು. "ಅಂದ್ರೆ ದೊಡ್ಡದಾ?"

"ದೊಡ್ಡದೂ ಅಲ್ಲ, ಸಣ್ಣದೂ ಅಲ್ಲ. ಸರಿಯಾಗೈತೆ."

"ಅವಳು?"

"ಚೆನ್ನಾಗವಳೆ. ರಕ್ತ ಜಾಸ್ತಿ ಹೋಗಿಲ್ಲ. ಮಾತಾಡ್ತಾ ಅವಳೆ."

ಅಜ್ಜಮ್ಮ ಕುಳಿತುಕೊಂಡರು. ಮತ್ತೆ ಎದ್ದರು. ಸ್ವಲ್ಪ ಹೊತ್ತಿನ ಮೇಲೆ ಎಲ್ಲರನ್ನೂ ಒಳಗೆ ಬಿಟ್ಟರು. ಪವಿತ್ರ ಕೂಸನ್ನು ಪಕ್ಕದಲ್ಲಿ ಮಲಗಿಸಿಕೊಂಡಿದ್ದಳು. ಕೂಸು ಕೆಂಪಗಿತ್ತು, ಮುಷ್ಟಿ ಬಿಗಿ ಹಿಡಿದಿತ್ತು. ಎಲ್ಲರೂ ಕೂಸನ್ನು ನೋಡುತ್ತಿರುವಾಗ ಪವಿತ್ರ ಅತ್ತೆಯ ಕಡೆ ನೋಡಿದಳು.

"ಅತ್ತೆ, ಹೊಟ್ಟೆ ಹಸಿತೈತೆ."

ಆ ಮನೆಗೆ ಬಂದ ಮೂರು ವರ್ಷದಲ್ಲಿ ಅವಳು ಈ ಮಾತನ್ನು ಆಡಿರಲಿಲ್ಲ. ಬಾಣಂತಿಗೆ ಮೊದಲ ದಿನ ಏನು ಕೊಡಬೇಕು, ಏನು ಕೊಡಬಾರದು ಎಂಬುದಕ್ಕೆ ಅಜ್ಜಮ್ಮನಲ್ಲಿ ಒಂದು ಉದ್ದನೆಯ ಪಟ್ಟಿ ಇದ್ದಿತು. ಅವರು ಬಾಯಿ ತೆರೆದು ಅರುಣಾರ ಕಡೆ ತಿರುಗಿದರು. ಅರುಣಾರ ಮುಖ ನೋಡಿ ಬಾಯಿ ಮುಚ್ಚಿಕೊಂಡರು. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು.

ಆಸ್ಪತ್ರೆಯ ಎದುರಿನ ಹೋಟೆಲಿನಿಂದ ಹತ್ತು ಇಡ್ಲಿ ಕಟ್ಟಿಸಿಕೊಂಡು ಬಂದರು. ಪವಿತ್ರಳ ಮುಂದೆ ನಾಲ್ಕು ಇಟ್ಟರು. ಅವಳು ತಿನ್ನತೊಡಗಿದ ಮೇಲೆ ಐದನೆಯದನ್ನೂ ಇಟ್ಟರು. ಕಲ್ಲೇಶನಿಗೆ ಎರಡು ಕೊಟ್ಟು, ಒಂದನ್ನು ತಾವು ಇಟ್ಟುಕೊಂಡರು. ಉಳಿದದ್ದು ಎರಡು. ಅದನ್ನು ಕಾಗದದ ಸಮೇತ ಹಿಡಿದು, ಬಾಗಿಲಿನ ಹತ್ತಿರ ನಿಂತೇ ಇದ್ದ ಭೀಮಕ್ಕನ ಮುಂದೆ ಚಾಚಿದರು.

"ಚಟ್ನಿ ಖಾರ ಐತೆ," ಎಂದರು. "ನೋಡ್ಕಂಡು ತಿನ್ನು."

ಭೀಮಕ್ಕ ಇಸಿದುಕೊಂಡು, ಅಲ್ಲೇ ನೆಲದ ಮೇಲೆ ಕುಳಿತು ಎರಡನ್ನೂ ತಿಂದರು.